ಗೌರಿಯ ಎಡಗಣ್ಣು

ಇವತ್ತು ಬೆಳಿಗ್ಗೆ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆ ಹುಡುಕುತ್ತಿದ್ದಾಗ ಕಿರುಬೆರಳುದ್ದದ ಟ್ಯೂಬೊಂದು ಕೈಗೆ ಸಿಕ್ಕಿತು. ಹಿಂಡಿ ಹಿಂಡಿ ಬಾಲದಿಂದ ಸುರುಳಿ ಸುತ್ತಿದ್ದ ಕಣ್ಣಿನ ಮುಲಾಮು. ನನ್ನದಲ್ಲ, ಹೆಂಡತಿ ಶೈಲಾಳದೂ ಅಲ್ಲ, ಬೆಕ್ಕಿನದು. ಬೆಕ್ಕು ಕಳೆದ ಚಳಿಗಾಲದಲ್ಲೇ ಸತ್ತುಹೋಗಿದೆ. ತಾರೀಖು ಮೀರಿದ ಮೊಸರನ್ನು ಮೂಸಿಯೂ ನೋಡದೆ ಚೆಲ್ಲುವ ನಮ್ಮ ಮನೆಯಲ್ಲಿ ಇದೊಂದು ಹೇಗೆ ಉಳಿಯಿತು ಎಂದು ಶೈಲಾಳನ್ನು ಕೇಳಿದೆ. "ನೀವು ಒಗೀತೀರಿ ಅಂತ ನಾ ಬಿಟ್ಟಿದ್ದೆ," ಅಂದಳು. ಅವಳು ಒಗೆಯುತ್ತಾಳೆಂದು ನಾನೂ ಬಿಟ್ಟಿದ್ದೆ.

ಡಚ್ಚರ ನಾಡಿನ ಐಂಡ್‌ಹೋವನ್‌ಗೆ ಬಂದ ಹೊಸತರಲ್ಲಿ ಈ ದೇಶದಲ್ಲಿ ಬೀದಿಬೆಕ್ಕು ಎಂಬುದೇ ಇಲ್ಲವೆಂದು ನಾನು ನಂಬಿದ್ದೆ. ಇಲ್ಲಿನ ಬೆಕ್ಕಿನ ಕುತ್ತಿಗೆಯೊಳಗೆ ಗುರುತಿನ ಚಿಪ್ ಇರುತ್ತದೆ, ಅದಕ್ಕೆ ವಿಮೆ ಇರುತ್ತದೆ, ಯಜಮಾನರು ರಜೆಗೆ ಹೋದರೆ ತಂಗಲು ಹೋಟೆಲೂ ಇರುತ್ತದೆ. ಹೀಗಿರುವಾಗ ಕೆಲವು ವರ್ಷಗಳ ಹಿಂದೆ, ಎಲೆ ಉದುರುವ ಕಾಲದಲ್ಲಿ, ನಮ್ಮ ಹಿತ್ತಲ ಮರದ ಬೇಲಿಯ ಮೇಲೆ ಬೂದು ಬಣ್ಣದ ಬೆಕ್ಕೊಂದು ಬಂದು ಕೂತಿತು. ಚಿಪ್ ಇಲ್ಲ, ಕಾಗದವಿಲ್ಲ, ಎಡಗಣ್ಣು ಪಿಸುರುಗಟ್ಟಿ ಮುಚ್ಚಿಹೋಗಿತ್ತು. ಎರಡು ಸಲ ವಾಸದ ಪರ್ಮಿಟ್ ನವೀಕರಿಸಿಕೊಂಡು ಹಳಬರಾಗಿದ್ದ ನಾವು, ಹಾಸ್ಟೆಲಿನ ಸೀನಿಯರುಗಳು ಹೊಸ ಹುಡುಗನನ್ನು ನೋಡುವ ಹಾಗೆ ಅದನ್ನು ನೋಡಿದೆವು.

ಆಗ ನಮ್ಮ ಅತ್ತೆ, ಅಂದರೆ ಶೈಲಾಳ ತಾಯಿ, ಮೂರು ತಿಂಗಳ ವೀಸಾದ ಮೇಲೆ ಧಾರವಾಡದಿಂದ ಬಂದಿದ್ದರು. ಅವರಿಗೆ ಈ ಊರಿನಲ್ಲಿ ಸೇರದಿದ್ದುದು ಚಳಿಯಲ್ಲ, ಪದ್ಧತಿ. ಇಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ಹೋದರೆ ಒಂದು ಕಾಫಿ, ಒಂದು ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ. ಅತ್ತೆ ದಿನವಿಡೀ ಕಿಟಕಿಯ ಬಳಿ ಕೂತು, ಯಾರೂ ಬಾರದ ಬಾಗಿಲನ್ನು ಕಾಯುತ್ತಿದ್ದರು. ಬೆಕ್ಕು ಬಂದ ದಿನ ಅವರ ಮುಖ ಅರಳಿತು.

"ಹೇಳದ ಕೇಳದ ಬರೂದು ಈ ಊರಾಗ ಇದೊಂದ ನೋಡವಾ," ಅಂದರು ಮಗಳಿಗೆ. ಗೌರಿ ಎಂದು ಹೆಸರಿಟ್ಟು ಹಾಲನ್ನದ ತಟ್ಟೆ ಇಟ್ಟರು. ಗೌರಿ ಗಂಡು ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟು ಹೊತ್ತಿಗೆ ಹೆಸರು ಒಗ್ಗಿಹೋಗಿತ್ತು. ಎರಡು ವಾರವಾದರೂ ಕಣ್ಣು ಹಾಗೇ ಇದ್ದಾಗ ಅತ್ತೆ ಆಜ್ಞೆ ಹೊರಡಿಸಿದರು: "ನಾ ಹೋಗೂದ್ರೊಳಗ ಇದು ಕಣ್ಣು ತೆರೀಬೇಕು. ನಾ ಹೋದಮ್ಯಾಲೆ ಯಾರು ನೋಡ್ತೀರಿ ಇದನ್ನ? ನಿಮಗ ಆಫೀಸದ."

ಪ್ರಾಣಿಗಳ ಆಂಬ್ಯುಲೆನ್ಸಿಗೆ ಫೋನ್ ಮಾಡಿದರೆ ಅವರೇ ಬಂದು ಒಯ್ಯುತ್ತಾರೆ ಎಂದೆ. ಒಯ್ಯುತ್ತಾರೆ ಎಂಬ ಮಾತು ಕೇಳಿದ್ದೇ ತಡ, ಅತ್ತೆ ಆ ವಿಷಯವನ್ನು ಅಲ್ಲಿಗೇ ಮುಗಿಸಿದರು. ಬದಲಿಗೆ ಗೌರಿಗೆ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ, ಇಲ್ಲಿ ಕೆಂಡವಿಲ್ಲದ ಕಾರಣ ಹಂಚಿನ ಮೇಲೆ ಸುಟ್ಟರು. ಕಣ್ಣುಬೇನೆಯ ಬೆಕ್ಕಿಗೆ ಮೆಣಸಿನಕಾಯಿ ಹೊಗೆಯ ಚಿಕಿತ್ಸೆ. ಹೊಗೆಯ ಅಲಾರಾಂ ಕೂಗಿ ಪಕ್ಕದ ಮನೆಯ ರಿಯಾ ಹೊರಗೆ ಬಂದಳು. ಬೆಕ್ಕನ್ನು ಕಂಡಾಗಲೆಲ್ಲ "ಝೀಲಿಖ್" ಎನ್ನುವುದು ಅವಳ ರೂಢಿ. ಡಚ್ಚರ ಅಯ್ಯೋಪಾಪ ಅದು. ಹೇಳಿ ಒಳಗೆ ಹೋದರೆ ಕರ್ತವ್ಯ ಮುಗಿಯಿತು. ಅಂದು ಮಾತ್ರ ನಿಂತು, ಹೀಗೆ ನರಳುವುದಕ್ಕಿಂತ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು ಶಾಂತವಾಗಿ ಮುಗಿಸಿಬಿಡಬಹುದಲ್ಲ ಎಂದು ಹವಾಮಾನ ಹೇಳುವ ದನಿಯಲ್ಲಿ ಹೇಳಿದಳು. ಏನಂದಳೆಂದು ಅತ್ತೆ ಕೇಳಿದರು. ನಾವು ಯಾರೂ ಅನುವಾದಿಸಲಿಲ್ಲ.

ಈಗ ನಮ್ಮ ಪರಾಕ್ರಮಕ್ಕೆ ಬರೋಣ. ನಾನು ಮತ್ತು ನನ್ನ ಮೂವರು ಗೆಳೆಯರು ಕಣ್ಣಿನ ವಿಷಯದಲ್ಲಿ ಸಾಮಾನ್ಯರಲ್ಲ. ಕಂಪ್ಯೂಟರ್ ಚಿಪ್ ಮಾಡುವ ಯಂತ್ರಗಳಿಗೆ ಮಸೂರ, ಕನ್ನಡಿ ಕೂರಿಸುವುದೇ ನಮ್ಮ ಹೊಟ್ಟೆಪಾಡು. ಕೂದಲೆಳೆಯನ್ನು ಸಾವಿರ ಸೀಳು ಸೀಳಿದರೆ ಎಷ್ಟೋ ಅಷ್ಟು ಕನ್ನಡಿ ಸರಿದರೂ ನಮಗೆ ಗೊತ್ತಾಗುತ್ತದೆ. ಇಂಥ ನಾಲ್ವರು ಒಂದು ಶನಿವಾರ ನಮ್ಮ ಮನೆಯಲ್ಲಿ ಸೇರಿ, ಚಹಾ, ಚುರುಮುರಿ ಇಟ್ಟುಕೊಂಡು, ಬಿಳಿ ಬೋರ್ಡೊಂದನ್ನು ಎಳೆದುಕೊಂಡು ಗೌರಿಯ ಕಣ್ಣಿನ ಮೂಲಕಾರಣ ಹುಡುಕಲು ಕೂತೆವು. ಮೈಸೂರಿನ ಪ್ರಸನ್ನ ಬೋರ್ಡಿನಲ್ಲಿ ಮೀನಿನ ಮೂಳೆಯಂಥ ಚಿತ್ರ ಬರೆದ, ಒಂದೊಂದು ಮುಳ್ಳಿಗೆ ಒಂದೊಂದು ಶಂಕಿತ ಕಾರಣ. ಅದರಲ್ಲಿ ಗೌರಿಯ ಹೆಸರು ಯೂನಿಟ್ ಒನ್.

"ನೋಡ್ರಪ್ಪ, ಒಂದ್ ಟೈಮ್‌ಗೆ ಒಂದೇ ಪ್ಯಾರಾಮೀಟರ್ ಚೇಂಜ್ ಮಾಡ್ಬೇಕು," ಅಂದ ಪ್ರಸನ್ನ. "ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವ್ದರಿಂದ ವಾಸಿ ಆಯ್ತು ಅಂತ ಗೊತ್ತಾಗಲ್ಲ."

ವಾಸಿಯಾದರೆ ಸಾಕಲ್ಲವೇ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೊದಲ ವಾರ ಹಾಲನ್ನ ನಿಲ್ಲಿಸಿ ಡಬ್ಬಿಯ ಆಹಾರ. ಮುಂದಿನ ವಾರ ತಟ್ಟೆಯನ್ನು ಗಾಳಿ ಬೀಸದ ಮೂಲೆಗೆ ಸರಿಸುವುದು. ಅದರ ಮುಂದಿನ ವಾರ ತಟ್ಟೆಯನ್ನೇ ಬದಲಿಸುವುದು. ನೀವು ಗಮನಿಸಿದ್ದೀರೋ ಇಲ್ಲವೋ, ಬೆಕ್ಕನ್ನು ಮುಟ್ಟದೆ ಮಾಡಬಹುದಾದ ಪರೀಕ್ಷೆಗಳೆಲ್ಲ ಪಟ್ಟಿಯ ಮೇಲ್ಭಾಗದಲ್ಲಿದ್ದವು. ಕಣ್ಣು ತೊಳೆಯುವುದು ಕಟ್ಟಕಡೆಗಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಗೆ ಇಲಿಗಳು ಕೊಟ್ಟ ಉತ್ತರವನ್ನೇ ನಾವೂ ಕೊಟ್ಟಿದ್ದೆವು, ಬಣ್ಣದ ಪೆನ್ನಿನಲ್ಲಿ.

ಶನಿವಾರ ಶನಿವಾರ ಸೇರಿ ಪ್ರಗತಿ ಚರ್ಚಿಸಿದೆವು. ಕಣ್ಣು ಮಾತ್ರ ದಿನಕ್ಕಿಷ್ಟು ಕೆಟ್ಟಿತು. ಗೌರಿ ಮುಂಗಾಲಿನಿಂದ ಅದನ್ನು ಉಜ್ಜಿ ಉಜ್ಜಿ ಸುತ್ತಲಿನ ಕೂದಲು ಉದುರಿಸಿಕೊಂಡಿತು. ಅತ್ತೆಯ ವಿಮಾನದ ದಿನ ಹತ್ತಿರ ಬಂತು. ಕೊನೆಯ ಮೀಟಿಂಗಿನಲ್ಲಿ ಇನ್ನೂ ಡೇಟಾ ಸಾಲದೆಂದು ಪ್ರಸನ್ನ ಹೇಳುತ್ತಿದ್ದಾಗ ಅತ್ತೆ ಚಹಾದ ಕಪ್ಪು ತೆಗೆದುಕೊಂಡು ಹೋಗಲು ಬಂದರು. ಬೋರ್ಡಿನತ್ತ ನೋಡಿದರು, ನಮ್ಮತ್ತ ನೋಡಿದರು.

"ನಾಕು ಮಂದಿ, ಎಂಟು ಕಣ್ಣು. ಎಲ್ಲಾ ಆ ಹಲಿಗಿ ಮ್ಯಾಲೆ. ಬೆಕ್ಕಿನ ಕಡೆ ಒಬ್ಬರರೆ ನೋಡಿದ್ರೇನು?"

ಅಡಿಗೆಮನೆಯಲ್ಲಿದ್ದ ಶೈಲಾ ಹಳೆಯ ಟವೆಲು ತಗೊಂಡು ಹಿತ್ತಲಿಗೆ ಹೋದಳು. ಪರಚಿಸಿಕೊಂಡಳು, ಬಿಡಲಿಲ್ಲ. ಅತ್ತೆ ದೂರ ನಿಂತು ಹೀಗೆ ಹಿಡಿ, ಹಾಗೆ ಹಿಡಿ ಎಂದು ತಪ್ಪು ತಪ್ಪು ಸಲಹೆ ಕೊಟ್ಟರು. ನಾನು ಕಾರಿನ ಬಾಗಿಲು ತೆರೆದು ಹಿಡಿದೆ. ಮೂವರು ಇಂಜಿನಿಯರುಗಳು ಕಿಟಕಿಯಿಂದ ನೋಡಿದರು.

ಡಾಕ್ಟರು ಹೆಚ್ಚು ಮಾತಿನವಳಲ್ಲ. ಮರಿಯಾಗಿದ್ದಾಗ ಹತ್ತಿದ ನೆಗಡಿಯ ವೈರಸ್ಸು, ಮೈಯೊಳಗೇ ಅಡಗಿರುತ್ತದೆ, ಹೆದರಿಕೆ, ಚಳಿ, ಜಾಗದ ಬದಲಾವಣೆ ಆದಾಗಲೆಲ್ಲ ಕಣ್ಣಿಗೆ ಬರುತ್ತದೆ ಅಂದಳು. ಹುಣ್ಣು ಆಳಕ್ಕಿಳಿದಿತ್ತು. ಕಣ್ಣು ಉಳಿದೀತು, ಅದರಲ್ಲಿ ನೋಟ ಉಳಿಯುವುದು ಕಷ್ಟ. ಮುಲಾಮು ಹಚ್ಚಿ, ದಿನಾ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಪೂರ್ತಿ ಹೋಗುವುದು ಯಾವಾಗ ಎಂದು ಕೇಳಿದೆ. ಹೋಗುವುದಿಲ್ಲ ಎಂದಳು. ಇನ್ನೂ ಮೊದಲೇ ಕರೆತಂದಿದ್ದರೆ ಎಂದು ಶುರುಮಾಡಿ, ನಮ್ಮ ಮುಖ ನೋಡಿ ಅರ್ಧಕ್ಕೆ ಬಿಟ್ಟಳು.

ಅತ್ತೆ ಹೊರಡುವ ದಿನ ಬೆಳಿಗ್ಗೆ ಗೌರಿ ಕಣ್ಣು ತೆರೆಯಿತು. ಒಳಗೆ ಮಜ್ಜಿಗೆಯಂತೆ ಬಿಳಿಚಿಕೊಂಡಿತ್ತು. ಅತ್ತೆ ಬಾಗಿ ನೋಡಿದರು. "ತೆರೀತಲ್ಲ, ಸಾಕು. ಕಾಣೂದು ಬಿಡೂದು ಅದರ ಹಣೇಬರಹ," ಅಂದು, ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ದಿನಾ ಒರಸ್ರಿ ಮತ್ತ." ಹೀಗೆ ಆ ಕೆಲಸ ನನಗೆ ಬಂತು. ಅದು ಬದುಕಿದ್ದಷ್ಟು ವರ್ಷ ದಿನಾ ಬೆಳಿಗ್ಗೆ ನಾನು ಒರೆಸಿದೆ, ಗೌರಿ ಪರಚಿತು, ವರ್ಷಕ್ಕೆ ಎರಡು ಮೂರು ಸಲ ಬೇನೆ ಮರುಕಳಿಸಿತು. ಆಫೀಸಿನಲ್ಲಿ ಯಾವ ಸಮಸ್ಯೆಯನ್ನೂ ಮುಗಿಸದೆ ಬಿಡದ ನಾನು, ಮುಗಿಯದ ಆ ಒಂದರ ಜೊತೆ ಚೆನ್ನಾಗಿಯೇ ಬಾಳಿದೆ. ಆ ಬೆಕ್ಕನ್ನು ನಾನು ಬಹಳ ಹಚ್ಚಿಕೊಂಡಿದ್ದೆ, ಅದು ಹೋದಾಗ ಅತ್ತಿದ್ದೆ.

ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಅವರು ವಿಡಿಯೋ ಕಾಲ್ ಮಾಡಿದರೂ ಫೋನನ್ನು ಕಿವಿಗೇ ಹಿಡಿಯುತ್ತಾರೆ, ನಮಗೆ ಕಾಣುವುದು ಅವರ ಬೆಂಡೋಲೆಯಷ್ಟೇ. ಮೊದಲ ಪ್ರಶ್ನೆ ಯಾವಾಗಲೂ "ಗೌರಿ ಕಣ್ಣು ಹ್ಯಾಂಗದ?" ನಾನು, ಶೈಲಾ ಆರೋಗ್ಯವಾಗಿದ್ದೇವೆಯೇ ಎಂಬುದು ಆಮೇಲೆ. ಹಂಗ ಅದ ರೀ ಎಂದು ಚಳಿಗಾಲದಿಂದ ಬೆಂಡೋಲೆಗೆ ಸುಳ್ಳು ಹೇಳುತ್ತ ಬಂದಿದ್ದೆವು.

ಇವತ್ತು ಸಿಕ್ಕ ಟ್ಯೂಬು ಇನ್ನೂ ಅಡಿಗೆಕಟ್ಟೆಯ ಮೇಲೇ ಇತ್ತು, ಮಧ್ಯಾಹ್ನ ಪ್ರಸನ್ನನ ಫೋನ್ ಬಂತು. ಅವನ ಮನೆಯ ಸೈಕಲ್ ಶೆಡ್ಡಿನಲ್ಲಿ ಒಂದು ಬೆಕ್ಕು ಬಂದು ಸೇರಿದೆ, ಬಲಗಣ್ಣು ಕೆಂಪಗಾಗಿ ಅರ್ಧ ಮುಚ್ಚಿದೆ. "ನಾಲ್ಕು ಗಂಟೆಗೆ ಬಾರೋ, ಅವರಿಬ್ರಿಗೂ ಹೇಳಿದೀನಿ. ಹಳೇ ಚಾರ್ಟ್ ಇನ್ನೂ ಇದೆ, ಅದನ್ನೇ ಟೆಂಪ್ಲೇಟ್ ಥರ ಯೂಸ್ ಮಾಡ್ಕೊಳೋಣ."

ನಾನು ಆಗಲೇ ಹೊರಟೆ, ಗೌರಿಯ ಬುಟ್ಟಿ, ಹಳೆಯ ಟವೆಲು ತಗೊಂಡು. ಶೆಡ್ಡಿನಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರಿಸಿಕೊಂಡೆ.

"ಇರೋ, ಅವರಿನ್ನೂ ಬಂದಿಲ್ಲ," ಅಂದ ಪ್ರಸನ್ನ.

"ಬಂದ್ರ ಚಹಾ ಕೊಡು," ಎಂದು ಕಾರು ಹತ್ತಿದೆ.

ಪ್ರಸನ್ನನ ಮಗಳಿಗೆ ಬೆಕ್ಕಿನ ಕೂದಲು ಆಗುವುದಿಲ್ಲವಾದ್ದರಿಂದ, ಡಾಕ್ಟರ ಬಳಿಯಿಂದ ಬೆಕ್ಕು ನೇರ ನಮ್ಮ ಸೋಫಾದ ಕೆಳಗೆ ಬಂದು ಸೇರಿತು. ಸಂಜೆ ಅತ್ತೆಯ ಫೋನ್. ಗೌರಿ ಕಣ್ಣು ಹ್ಯಾಂಗದ ಎಂದರು. ಕೈಯಲ್ಲಿ ಹೊಸ ಟ್ಯೂಬು ಹಿಡಿದಿದ್ದ ನಾನು ಯೋಚಿಸದೆ ಹೇಳಿಬಿಟ್ಟೆ: "ಬಲಗಣ್ಣು ಕೆಂಪಾಗ್ಯದ ರೀ, ಹುಣ್ಣಾಗಿಲ್ಲ. ಲಗೂನ ತಂದೀರಿ, ಉಳೀತದ ಅಂದ್ರು ಡಾಕ್ಟರು."

ಬೆಂಡೋಲೆ ಸರಿಯಿತು. ಪರದೆಯ ತುಂಬ ಅತ್ತೆಯ ಮುಖ ಬಂತು. "ಗೌರಿದು ಎಡಗಣ್ಣಲ್ಲಾ?"

ಶೈಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಗೌರಿ ಹೋತ್ರಿ," ಎಂದೆ. "ಚಳಿಗಾಲದಾಗ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, "ಇದನ್ನ ಹಿಡದವರು ಯಾರು?" ಎಂದು ಕೇಳಿದರು.

"ನಾನ ರೀ."

"ಮೀಟಿಂಗ್ ಆಗಲಿಲ್ಲೇನು?"

"ಇಲ್ಲ ರೀ."

"ತೋರಸ್ರಿ ಇಲ್ಲೆ."

ನೆಲಕ್ಕೆ ಮೊಣಕಾಲೂರಿ ಫೋನನ್ನು ಸೋಫಾದ ಕೆಳಗೆ ಹಿಡಿದೆ. ಕತ್ತಲೆಯಲ್ಲಿ ಬೆಕ್ಕು ಗುರ್ ಎಂದಿತು. ಅತ್ತೆ ಫೋನನ್ನು ಕಿವಿಗೆ ಒಯ್ಯದೆ, ಕಣ್ಣಿಗೇ ಹತ್ತಿರ ಹಿಡಿದು ಅದನ್ನು ನೋಡುತ್ತಲೇ ಇದ್ದರು.