ಎಲೆಯ ಪಕ್ಕದಲ್ಲಿಟ್ಟ ಹಾಡು

ನಮ್ಮದು ಡೂಮ್ ಮೆಟಲ್ ಬ್ಯಾಂಡ್ ಎಂದರೆ ಸುಳ್ಯದ ಕಡೆ ಜನ ಮುಖ ಮುಖ ನೋಡುತ್ತಾರೆ. ಗಿಟಾರು ಗುಡುಗಬೇಕು, ಹಾಡು ಮಾತ್ರ ಹೆಣ ಹೊತ್ತವರ ಹಾಗೆ ನಿಧಾನ ನಡೆಯಬೇಕು, ಅಷ್ಟೇ ವಿಷಯ. "ಡ್ರಮ್ಮಿನ ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಒಂದು ಚಾ ಕುಡ್ದು ಬರ್ಬಹುದು ಮಾರಾಯ" ಎಂದು ನೆಂಟರು ತಮಾಷೆ ಮಾಡುತ್ತಾರೆ. ಮಾಡಲಿ. ಐವರ್ನಾಡಿನಲ್ಲಿ ರಬ್ಬರ್ ಶೀಟ್ ಒಣಗಿಸುವ ಕೋಣೆಯ ಪಕ್ಕ ಬಾರಿಸುತ್ತಲೇ ನಮ್ಮ ತಲೆ ಬೆಳ್ಳಗಾಯಿತು.

ನಮ್ಮ ಹಾಡುಗಾರ ಆಲೆಟ್ಟಿಯವನು. ಎರಡು ವರ್ಷದ ಹಿಂದೆ ಎದೆನೋವು ಬಂದು ತೀರಿಹೋದ. ಅವನ ಜಾಗಕ್ಕೆ ಕಡಬದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹುಡುಗಿಯೊಬ್ಬಳು ಬಂದಳು. ಅವಳ ದನಿ ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂತು. ಅಷ್ಟು ಚೆನ್ನಾಗಿತ್ತು. ಅವಳ ದನಿಯಲ್ಲಿ ಹೊಸ ಆಲ್ಬಮ್ ಸಿದ್ಧವಾಯಿತು. ಅದರ ಕೊನೆಯ ಹಾಡು ಮಾತ್ರ ಸತ್ತವನದು, ಅವನೇ ಬರೆದು ಅವನೇ ಹಾಡುತ್ತಿದ್ದದ್ದು; ಈಗ ಅದನ್ನೂ ಅವಳೇ ಹಾಡಿದ್ದಳು. "ಅವರ ಅಮ್ಮ ಒಪ್ಪದೆ ಅದನ್ನು ಹೊರಗೆ ಬಿಡುದು ಬೇಡ" ಎಂದು ಹುಡುಗಿ ಹಠ ಹಿಡಿದಳು. ಅದಿಲ್ಲದ ಆಲ್ಬಮ್ ನನಗೂ ಬೇಡವಾಗಿತ್ತು.

ಅವನ ಅಮ್ಮನ ಬಳಿ ಹೋದೆವು. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ.

"ಆಟಿಯಲ್ಲಿ ಅವನಿಗೆ ಬಡಿಸ್ಲಿಕ್ಕೆ ಉಂಟಲ್ಲ, ಆಗ ಬನ್ನಿ. ಅವನ ಹಾಡು, ಅವನೇ ಕೇಳ್ಲಿ."

ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಮನೆಯವರು ಹೊರಗೆ ಕೂರುತ್ತಾರೆ. ಅವನಿಗೆ ಬಡಿಸುವ ಸಂಜೆ ಅವನ ಅಮ್ಮ ಕೋಳಿ ಸಾರು, ಕಡುಬು ಬಡಿಸಿ, ಎಲೆಯ ಪಕ್ಕದಲ್ಲಿ ನನ್ನ ಸ್ಪೀಕರ್ ಇಟ್ಟು ಬಾಗಿಲು ಹಾಕಿದರು. ನಾನು ಜಗಲಿಯಲ್ಲಿ ಕೂತು ಫೋನಿನಿಂದ ಹಾಡು ಶುರು ಮಾಡಿದೆ. ಬಾಗಿಲು ಸಣ್ಣಗೆ ನಡುಗತೊಡಗಿತು. ಅದು ಬಾಸ್ ಗಿಟಾರಿನ ಕೆಲಸವೆಂದು ನನಗೆ ಗೊತ್ತು. ಆದರೂ ಹುಡುಗಿ ನನ್ನ ಕಡೆ ಸರಿದು ಕೂತಾಗ ನಾನೂ ಸ್ವಲ್ಪ ಸರಿದೆ.

ಕೊನೆಯ ಸಾಲಿಗೆ ಮುಂಚೆ ವಾದ್ಯಗಳೆಲ್ಲ ನಿಲ್ಲುತ್ತವೆ. ಸತ್ತವನು ಅಲ್ಲಿ ಮೂಗಿನಲ್ಲಿ ಸರ್ರನೆ ದೊಡ್ಡ ಉಸಿರು ಎಳೆದುಕೊಳ್ಳುತ್ತಿದ್ದ. ಎಷ್ಟು ಬೈದರೂ ಬಿಟ್ಟಿರಲಿಲ್ಲ. ಹುಡುಗಿಗೆ ಆ ಅಭ್ಯಾಸವಿಲ್ಲ. ಅವಳ ರೆಕಾರ್ಡಿಂಗಿನಲ್ಲಿ ಆ ಜಾಗ ಖಾಲಿ, ನಾನೇ ನೂರು ಸಲ ಕೇಳಿದ್ದೇನೆ. ಅವತ್ತು ಮುಚ್ಚಿದ ಬಾಗಿಲಿನ ಆಚೆಯಿಂದ ಆ ಉಸಿರು ಕೇಳಿತು. ಆಮೇಲೆ ಹುಡುಗಿಯ ದನಿಯೇ ಕೊನೆಯ ಸಾಲನ್ನು ಹಾಡಿತು.

"ಎಂತ ಅದು?" ಎಂದಳು ಅವಳು.

ಬಾಗಿಲು ತೆಗೆಯುವ ಮೊದಲು ಮನೆಯವರು ತಟ್ಟಬೇಕು. ಊಟಕ್ಕೆ ಬಂದವರು ಹೊರಡಲು ಅದೇ ಸೂಚನೆ. ಅಮ್ಮ ಎದ್ದು ಹೋಗಿ ಕೈ ಎತ್ತಿದರು, ಆದರೆ ತಟ್ಟಲಿಲ್ಲ. ತುಂಬ ಹೊತ್ತು ಹಾಗೇ ನಿಂತಿದ್ದರು. ನಾನು ಅವರ ಬೆನ್ನು ನೋಡಲಾಗದೆ ಅಂಗಳದ ಕಡೆ ತಿರುಗಿದೆ. ಕೊನೆಗೆ ಅವರು ಹುಡುಗಿಯನ್ನು ಕರೆದರು.

"ಬಾ ಮಗಾ, ನೀನೇ ತಟ್ಟು. ಆ ಹಾಡು ಇನ್ನು ನಿಂದೇ. ನಾನು ತಟ್ಟಿದ್ರೆ ಅವ ಹೋಗುದಿಲ್ಲ."