ಜೊಳ್ಳು ಹಾರಿಸದ ಬೈಕು

ಹೊಸಪೇಟೆಯ ಶೋರೂಮಿನಲ್ಲಿ ಸ್ಪೋರ್ಟ್ಸ್ ಬೈಕ್ ಮಾರುವ ನಾನು, "ಇದರ ಚೂಪು ಮೂತಿ ಗಾಳೀನ ಸೀಳ್ತೈತ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ನಾನೇ ನಂಬಿರಲಿಲ್ಲ.

ಮೊನ್ನೆ ಟ್ರಯಲ್‌ಗೆಂದು ಬುಕ್ಕಸಾಗರದ ಕಡೆ ಹೋದಾಗ, ರಸ್ತೆ ಬದಿಯಲ್ಲಿ ಭತ್ತ ತೂರಲು ನಿಂತಿದ್ದ ಅಜ್ಜಿ ಕೈ ಅಡ್ಡ ಮಾಡಿದಳು. ಮೋಡ ಕವಿದಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ತಮ್ಮಾ, ಗಾಳೀನ ಇಲ್ಲ. ಮಳಿ ಬಂದ್ರ ಭತ್ತ ತೋಯ್ತೈತಿ. ಒಮ್ಮೆ ಜೋರಾಗಿ ಹೋಗು, ಜೊಳ್ಳು ಹಾರ್ಲಿ."

ಹಿಂದಕ್ಕೆ ಹೋಗಿ, ಟ್ಯಾಂಕಿಗೆ ಎದೆ ಆನಿಸಿ, ಮುಂದಿನ ಗಾಜಿನ ಮರೆಗೆ ಬಗ್ಗಿ ಜೋರಾಗಿ ಬಂದೆ. ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ಥಟ್ಟನೆ ಸುಮ್ಮನಾಯಿತು. ಅಜ್ಜಿಯನ್ನು ದಾಟಿ ತಿರುಗಿ ನೋಡಿದರೆ, ಅವಳ ಮೊರದಿಂದ ಸುರಿದ ಜೊಳ್ಳು ನೆಟ್ಟಗೆ ಕಾಲ ಬಳಿಯೇ ಬಿದ್ದಿತ್ತು. ಬೈಕ್ ತಿರುಗಿಸಿಕೊಂಡು ಅವಳ ಬಳಿ ಬಂದೆ. ನಾನು ಹೇಳುತ್ತಿದ್ದದ್ದು ನಿಜ! ಬೈಕು ಗಾಳಿಯನ್ನು ಕದಡದೆ ಸೀಳಿಕೊಂಡು ಹೋಗಿತ್ತು.

"ಇಷ್ಟು ಸಪ್ಪಳ ಮಾಡಿ ಏನೂ ಹಾರಿಸ್ಲಿಲ್ಲಲ್ಲೋ! ಅತ್ಲಾಗ ಸರಿ, ಕಬ್ಬಿನ ಲಾರಿ ಬರಾಕತ್ತೈತಿ" ಎಂದಳು ಅಜ್ಜಿ.

ಅವಳು ಮತ್ತೆ ಮೊರ ಎತ್ತಿ ಸುರಿದಳು. ಲಾರಿ ಹಾದದ್ದೇ ತಡ, ಜೊಳ್ಳು ಪೂರ್ತಿ ಹಾರಿ ಬಂದು ನನ್ನ ಬೈಕಿನ ಮೇಲೆ ಕೂತಿತು.