ಜಹೀರನ ವೆಬ್‌ಸೈಟಿನ ದರ್ಜಿ

ಜಹೀರ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ೨೦೦೮ರಲ್ಲಿ ರಾಣೆಬೆನ್ನೂರಿನಲ್ಲಿ ನಾವಿಬ್ಬರೂ ಸೇರಿ ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದೆವು. ನಡೆಸುತ್ತಿದ್ದವನು ನಾನು, ಅವನು ಬೆಳಿಗ್ಗೆ ಹಾವೇರಿ, ಮಧ್ಯಾಹ್ನ ಬ್ಯಾಡಗಿ ಎಂದು ಬಸ್ಸು ಹತ್ತಿ ಇಳಿಯುತ್ತಿದ್ದ. ಮನೆಯಲ್ಲೇ ಕೂತು ದುಡಿಯುವ ದರ್ಜಿ, ಪೇಂಟರ್, ಟೈಪಿಸ್ಟರನ್ನು ಗಿರಾಕಿಗಳಿಗೆ ಜೋಡಿಸುವ ವೆಬ್‌ಸೈಟು ಅವನ ಹುಚ್ಚು. ಆರು ತಿಂಗಳಲ್ಲಿ ನಲವತ್ತು ಮಂದಿ ಕೆಲಸಗಾರರು ಸೇರಿದರು, ಗಿರಾಕಿಗಳು ಮಾತ್ರ ಬರಲಿಲ್ಲ.

ಕೊನೆಗೂ ಬಂದ ಮೊದಲ ಗಿರಾಕಿ ಬ್ಯಾಡಗಿಯ ಖಾಸಗಿ ಶಾಲೆಯೊಂದರ ನಿರ್ಮಲಾ ಮೇಡಂ. ವೆಬ್‌ಸೈಟಿನ ಫೋಟೊದಲ್ಲಿ ಕಂಡ ಕಾಲರ್ ಮೆಚ್ಚಿ ಎಂಬತ್ತು ಅಂಗಿ ಹೊಲಿಯಲು ಕೊಟ್ಟರು. ಚೆನ್ನಾದರೆ ಇಡೀ ಶಾಲೆಯ ಸಮವಸ್ತ್ರ ನಿಮಗೇ ಎಂದರು. ದರ್ಜಿ ಬೇರೆ ಯಾರೂ ಅಲ್ಲ, ಜಹೀರನ ಅಪ್ಪ ಫಕ್ಕೀರಸಾಬ. ಜಹೀರ ಅಂಗಡಿಯೊಳಗೇ ಕುಣಿದ.

ಅಂಗಿಗಳು ಶಾಲೆ ಮುಟ್ಟಿದ ಮರುದಿನವೇ ಮೇಡಂ ಫೋನು ಬಂತು. ಕಾಲರುಗಳು ಸೊಟ್ಟಗಿದ್ದವಂತೆ.

"ಫೋಟೊದಾಗಿನ ಕೈ ಇದಲ್ಲರಿ. ಖರೇ ದರ್ಜಿ ಯಾರು ಹೇಳ್ರಿ, ಇಲ್ಲಂದ್ರ ಎಲ್ಲಾ ವಾಪಸ್ ಒಯ್ರಿ."

ಆಗ ಜಹೀರ ನನ್ನೆದುರು ಬಾಯಿಬಿಟ್ಟ. ಹತ್ತು ವರ್ಷದಿಂದ ಒಳಮನೆಯಲ್ಲಿ ಮಷೀನು ತುಳಿಯುವವಳು ಅವನಮ್ಮ ಮಹಮೂದಾಬೇಗಂ. ಅಪ್ಪ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ತನ್ನ ಹೆಸರಿನ ಬೋರ್ಡಿನ ಕೆಳಗೆ ಕೂರುವವನು. ಅಮ್ಮ ಮಗಳ ಬಾಣಂತನಕ್ಕೆಂದು ಗುತ್ತಲಕ್ಕೆ ಹೋಗಿದ್ದಳು. ಗಿರಾಕಿ ಕೈತಪ್ಪೀತೆಂಬ ಅವಸರಕ್ಕೆ ಇವನು ಅಪ್ಪನಿಂದಲೇ ಹೊಲಿಸಿದ್ದ. ನಮ್ಮ ಕಡೆ ಹಾಗೇ, ದುಡಿಮೆ ಹೆಂಗಸಿನದಾದರೂ ಹೆಸರು ಗಂಡಸಿನದು. ವೆಬ್‌ಸೈಟಿಗೂ ಅಮ್ಮನ ಹೊಲಿಗೆಯ ಫೋಟೊ ಹಾಕಿ ಅಪ್ಪನ ಹೆಸರನ್ನೇ ಏರಿಸಿದ್ದ. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮಮ್ಮ ಈಗ ಗುತ್ತಲದಿಂದ ಬಂದಾಳಲ್ಲ, ಆಕಿ ತಿದ್ದಿ ಕೊಡ್ತಾಳ. ಲಗೂನ ಹೆಸರು ಬದಲಿ ಮಾಡಲೇ!"

"ಅಬ್ಬಾನ ಮಾನ ಹೋಗತೈತಲೇ."

ಅವನು ಹೆಸರು ಅಳಿಸಿದ, ಮತ್ತೆ ಬರೆದ. ಎದ್ದು ಬೀದಿಗೆ ಹೋದ, ಬಂದ, ಮತ್ತೆ ಅಳಿಸಿದ. ಮೇಡಂಗೆ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು.

ನಾಲ್ಕು ಗಂಟೆಗೆ ಫಕ್ಕೀರಸಾಬನೇ ಅಂಗಡಿಗೆ ಬಂದ. ಮೇಡಂ ಕಳಿಸಿದ್ದ ಸೊಟ್ಟ ಕಾಲರಿನ ಅಂಗಿಯೊಂದು ಮನೆ ಮುಟ್ಟಿತ್ತು.

"ನನ್ನ ಹೆಸರು ಎಲ್ಲೈತಿ, ತೋರ್ಸು."

ಜಹೀರ ಪರದೆಯ ಮೇಲೆ ಬೆರಳಿಟ್ಟ.

"ಅದನ್ನ ತಗಿ. ಮಹಮೂದಾಬೇಗಂ ಅಂತ ಬರಿ."

ಜಹೀರನ ಕೈ ನಿಂತುಹೋಯಿತು. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಅಮ್ಮನ ಹೆಸರನ್ನು ಅವನು ಕೇಳಿರಲಿಲ್ಲ. ಮನೆಯಲ್ಲೂ ಹೊರಗೂ ಅವಳು "ಜಹೀರನ ಅಮ್ಮ" ಅಷ್ಟೇ ಆಗಿದ್ದಳು.

"ಇನ್ನೊಮ್ಮೆ ಹೇಳ್ರಿ ಅಬ್ಬಾ," ಎಂದ.

ಫಕ್ಕೀರಸಾಬ ಈ ಸಲ ಗಟ್ಟಿಯಾಗಿ ಹೇಳಿದ. ಅಂಗಡಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.